ಗಣಿ ನೆಲದ ನೆಲನೆಲ್ಲಿ: ಕಾಡು ಔಷಧಿ ಗಿಡದಲ್ಲಿ ಲೋಹ ಸೇರಿದೆಯೇ ಅಂತ ಪರೀಕ್ಷಿಸುವುದು ಹೇಗೆ?

ಮಾರಿಕುಪ್ಪಂ ರೈಲಿನಲ್ಲಿ ಬಂದ ಸಂಬಂಧಿಯೊಬ್ಬರು ಒಂದು ಚೀಲ ಒಣಗಿದ ನೆಲನೆಲ್ಲಿ ತಂದಿದ್ದರು. ಕಾಮಾಲೆಗೆ ಒಳ್ಳೆಯದು, ಬೆಂಗಳೂರಿನಲ್ಲಿ ಇದೆಲ್ಲ ಎಲ್ಲಿ ಸಿಗುತ್ತೆ, ಮನೆಯಲ್ಲಿ ಇರಲಿ ಅಂತ. ಎಲ್ಲಿ ಕಿತ್ತದ್ದು ಅಂತ ಸುಮ್ನೆ ಕೇಳಿದೆ. "ಕೆಜಿಎಫ್‌ನಲ್ಲೇ, ಸೈನೈಡ್ ದಿಬ್ಬದ ಪಕ್ಕ. ಅಲ್ಲಿ ಯಾರೂ ಕೀಳಲ್ಲ, ಎಷ್ಟು ಸೊಂಪಾಗಿ ಬಂದಿದೆ ನೋಡಿ" ಅಂದರು.

ಅದು ಕೋಲಾರದ ಚಿನ್ನದ ಗಣಿಯಿಂದ ಮಿಕ್ಕ ಮಣ್ಣಿನ ದಿಬ್ಬ. ಅಲ್ಲಿ ಯಾರೂ ಯಾಕೆ ಕೀಳಲ್ಲ ಅನ್ನುವುದು ಅವರಿಗೆ ಹೊಳೆದಿರಲಿಲ್ಲ. ಪ್ರೀತಿಯಿಂದ ಹೊತ್ತು ತಂದದ್ದು ಅಲ್ವಾ, ನನಗೂ ಆಗ ಮಾತು ಹೊರಡಲಿಲ್ಲ. ಚೀಲ ತೆಗೆದು ಅಟ್ಟದ ಮೇಲಿಟ್ಟೆ. ಆಮೇಲೆ ಅದನ್ನು ಪರೀಕ್ಷೆ ಮಾಡಿಸಲು ಹೊರಟು ಏನೇನು ಕಲಿತೆ, ಎಲ್ಲೆಲ್ಲಿ ಎಡವಿದೆ ಅನ್ನುವುದನ್ನೆಲ್ಲ ಸೇರಿಸಿ ಇದನ್ನು ಬರೆದಿದ್ದೇನೆ. ಡಿಗ್ರಿ ಪ್ರಾಜೆಕ್ಟ್ ಮಾಡುವವರಿಗೆ, ಮಕ್ಕಳಿಂದ ಮಾಡಿಸುವ ಮೇಷ್ಟ್ರುಗಳಿಗೆ ಇದು ಹೆಚ್ಚು ಉಪಯೋಗ. ಮನೆಯಲ್ಲಿ ಕಷಾಯ ಕುಡಿಯುವವರು ಮೊದಲೆರಡು ಹೆಜ್ಜೆ ಓದಿ, ನೇರವಾಗಿ ಕೊನೆಗೆ ಹೋದರೂ ನಡೆಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಯಾವ ಗಿಡದಲ್ಲಿ ಲೋಹ ಜಾಸ್ತಿ?" ಅಂತ ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಇಲ್ಲ. ಲಾಲ್‌ಬಾಗ್ ಹಿಂದಿನ ಹಿತ್ತಲಲ್ಲಿ ಬೆಳೆದ ನೆಲನೆಲ್ಲಿಯೂ ಗಣಿ ದಿಬ್ಬದ ನೆಲನೆಲ್ಲಿಯೂ ನೋಡಲು ಒಂದೇ. ಕೇಳಬೇಕಾದದ್ದು ಮೂರು: ನೆಲದ ಹಿಂದಿನ ಕಥೆ ಏನು? ಗಿಡದ ಯಾವ ಭಾಗ ಬಳಸುತ್ತೀರಿ? ಲೋಹ ಗಿಡದ ಒಳಗಿದೆಯೋ, ಎಲೆಯ ಮೇಲೆ ಧೂಳಾಗಿ ಕೂತಿದೆಯೋ?

ಹೆಜ್ಜೆ 1: ಅದು ಯಾವ ಗಣಿ ಅಂತ ತಿಳಿದುಕೊಳ್ಳಿ

ಗಣಿ ಅಂದ ಕೂಡಲೇ ವಿಷ ಅಂತ ತೀರ್ಮಾನ ಮಾಡಬೇಡಿ. ಯಾವ ಕಲ್ಲನ್ನು ಒಡೆದಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಬೆಂಗಳೂರಿನ ಸುತ್ತ ಇರುವುದು ಹೆಚ್ಚಾಗಿ ಕಲ್ಲು ಕ್ವಾರಿ. ಜಿಗಣಿ, ತಾವರೆಕೆರೆ, ಬಾಗಲೂರು ಕಡೆ ಹೋದರೆ ದೊಡ್ಡ ದೊಡ್ಡ ಗುಂಡಿಗಳು ಕಾಣುತ್ತವೆ. ಇಲ್ಲಿನ ತಳದ ಬಂಡೆ ನೈಸ್ ಅನ್ನುವ ಪಟ್ಟೆ ಪಟ್ಟೆ ಕಲ್ಲು, ಲಾಲ್‌ಬಾಗ್ ಗುಡ್ಡದ ಜಾತಿಯದು. ವಯಸ್ಸು ಸುಮಾರು 300 ಕೋಟಿ ವರ್ಷ. ರಾಮನಗರದ ಕಡೆ ಹೋದರೆ ಕ್ಲೋಸ್‌ಪೇಟೆ ಗ್ರಾನೈಟ್ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಊರಿಗೇ ಆ ಹೆಸರಿತ್ತು, ಕಲ್ಲಿಗೆ ಇವತ್ತಿಗೂ ಉಳಿದುಕೊಂಡಿದೆ. ಈ ಕಲ್ಲುಗಳಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಹೆಚ್ಚಿರುವುದಿಲ್ಲ. ಕ್ವಾರಿ ಧೂಳಿನಲ್ಲಿ ಮುಖ್ಯವಾಗಿ ಇರುವುದು ಸಿಲಿಕಾ. ಅದು ಕೆಲಸಗಾರರ ಶ್ವಾಸಕೋಶಕ್ಕೆ ಅಪಾಯ. ಗಿಡದಲ್ಲಿ ಲೋಹ ಸೇರುವುದು ಬೇರೆ ಲೆಕ್ಕ.

ಕ್ವಾರಿ ಮುಚ್ಚಿದ ಮೇಲೆ ಏನಾಯಿತು ಅಂತ ಕೇಳಲೇಬೇಕು. ನಮ್ಮ ಊರಿನ ಸಮಸ್ಯೆ ಇರುವುದೇ ಅಲ್ಲಿ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಹಳೆ ಕ್ವಾರಿ ಗುಂಡಿಗಳಿಗೆ ನಗರದ ಕಸ ಹೋಯಿತು. ಕಸದ ಜೊತೆ ಬ್ಯಾಟರಿ, ಬಣ್ಣ, ಹಾಳಾದ ಎಲೆಕ್ಟ್ರಾನಿಕ್ ಸಾಮಾನು ಸೇರಿದರೆ ಅದರಿಂದ ಇಳಿಯುವ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಬರಬಹುದು. ಕಲ್ಲಿನಲ್ಲಿ ಇಲ್ಲದ ಲೋಹ ಗುಂಡಿಗೆ ಬಂದು ಬಿದ್ದಿರುತ್ತದೆ. ಆದ್ದರಿಂದ ಬೆಂಗಳೂರು ಸುತ್ತಲಿನ ಕ್ವಾರಿಗೆ ಹೋದಾಗ ಬಂಡೆಗಿಂತ ಮೊದಲು ಗುಂಡಿಯೊಳಗೆ ಇಣುಕಿ ನೋಡಿ.

ಕೆಜಿಎಫ್ ಕಥೆ ಬೇರೆ. 1880ರ ದಶಕದಿಂದ ಅಗೆದು, 3 ಕಿ.ಮೀ.ಗೂ ಆಳಕ್ಕೆ ಇಳಿದು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ ಗಣಿ ಅದು. ಸೈನೈಡ್ ಬಳಸಿ ಚಿನ್ನ ತೆಗೆದು ಮಿಕ್ಕ ಪುಡಿ ಮಣ್ಣು 3 ಕೋಟಿ ಟನ್ನಿಗೂ ಹೆಚ್ಚು, ಈಗಲೂ ದಿಬ್ಬಗಳಾಗಿ ನಿಂತಿದೆ. ಜನ ಅದನ್ನು ಸೈನೈಡ್ ದಿಬ್ಬ ಅನ್ನುತ್ತಾರೆ, ಸೈನೈಡಿಗೇ ಹೆದರುತ್ತಾರೆ. ಸೈನೈಡ್ ಬಿಸಿಲು ಗಾಳಿಗೆ ವರ್ಷಗಳು ಕಳೆದಂತೆ ಒಡೆದು ಹೋಗುವ ವಸ್ತು. ಲೋಹ ಒಡೆಯುವುದಿಲ್ಲ, ಕೊಳೆಯುವುದಿಲ್ಲ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜ ಬರುವುದು ಮಾಮೂಲು. ಚಿನ್ನವನ್ನು ಹಿಡಿಯಲು ಒಂದು ಕಾಲದಲ್ಲಿ ಪಾದರಸ ಬಳಸುವುದೂ ರೂಢಿಯಲ್ಲಿತ್ತು. ಅಲ್ಲಿ ಹುಡುಕಬೇಕಾದದ್ದು ಇವೆರಡು, ಜೊತೆಗೆ ಸೀಸ.

ಉಳಿದ ಕಡೆಯದು ಬೇಗ ಹೇಳುತ್ತೇನೆ. ಸಂಡೂರು, ಹೊಸಪೇಟೆ ಕಡೆ ಕಬ್ಬಿಣ, ಮ್ಯಾಂಗನೀಸ್. ಹಾಸನ ಜಿಲ್ಲೆಯ ಬೈರಾಪುರದ ಕಡೆ ಕ್ರೋಮೈಟ್ ಇದೆ, ಅಂಥ ಕಡೆ ಕ್ರೋಮಿಯಂ ಜೊತೆ ನಿಕ್ಕಲ್ ನೋಡಬೇಕು. ಚಿತ್ರದುರ್ಗದ ಇಂಗಳದಾಳಿನಲ್ಲಿ ತಾಮ್ರ. ತಾಮ್ರದ ಅದಿರಿನಲ್ಲಿ ಗಂಧಕ ಇರುವುದರಿಂದ ನೀರು ಹುಳಿಯಾಗುವ ಸಾಧ್ಯತೆಯೂ ಇದೆ.

ಹೀಗೆ ಹುಡುಕಬೇಕಾದ ಲೋಹಗಳ ಪಟ್ಟಿ ಮಾಡದೆ ಲ್ಯಾಬ್‌ಗೆ ಹೋದರೆ ಅವರು ತಮ್ಮ ಮಾಮೂಲಿ ಪ್ಯಾಕೇಜ್ ಮಾಡಿ ಕೊಡುತ್ತಾರೆ. ನಿಮಗೆ ಬೇಕಾದ ಲೋಹವೇ ಅದರಲ್ಲಿ ಇಲ್ಲದೆ ಹೋಗಬಹುದು.

ಹೆಜ್ಜೆ 2: ಲೋಹ ಗಿಡಕ್ಕೆ ಹೇಗೆ ಹತ್ತುತ್ತದೆ ಅಂತ ಅರ್ಥ ಮಾಡಿಕೊಳ್ಳಿ

ಇದು ಥಿಯರಿ ಅಂತ ಹಾರಿಸಬೇಡಿ. ಮಾದರಿ ಎಲ್ಲಿ ತೆಗೆಯಬೇಕು ಅನ್ನುವುದು ಇದರಿಂದಲೇ ಗೊತ್ತಾಗುವುದು.

ಮಣ್ಣಿನಲ್ಲಿ ಲೋಹ ಇದೆ ಅಂದ ಮಾತ್ರಕ್ಕೆ ಗಿಡಕ್ಕೆ ಸಿಗುತ್ತದೆ ಅಂತಲ್ಲ. ಒಳ್ಳೆ ಮಣ್ಣಿನಲ್ಲಿ ಸಾವಯವ ಪದಾರ್ಥ ಮತ್ತು ಜೇಡಿ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಣಿ ನೆಲದಲ್ಲಿ ಮೇಲ್ಮಣ್ಣೇ ಹೋಗಿರುತ್ತದೆ. ಕೋಟ್ಯಂತರ ವರ್ಷ ಬಂಡೆಯೊಳಗೆ ಮುಚ್ಚಿದ್ದ ಖನಿಜ ಪುಡಿಯಾಗಿ ಗಾಳಿ ನೀರಿಗೆ ತೆರೆದುಕೊಂಡಿರುತ್ತದೆ. ಗಂಧಕ ಇರುವ ಖನಿಜವಾದರೆ ಮಳೆ ನೀರು ಬಿದ್ದು ಆಮ್ಲ ಹುಟ್ಟುತ್ತದೆ. ಪಿಎಚ್ ಇಳಿದಂತೆ, ಅಂದರೆ ಹುಳಿ ಹೆಚ್ಚಿದಂತೆ, ಕ್ಯಾಡ್ಮಿಯಂ, ಸತು, ನಿಕ್ಕಲ್ ಕರಗಿ ಬೇರಿನ ಬಳಿ ಬರುತ್ತವೆ. ನಮ್ಮ ಕೆಂಪು ಮಣ್ಣು ಮೊದಲೇ ಸ್ವಲ್ಪ ಹುಳಿ.

ಇನ್ನೊಂದು ವಿಷಯ ನನಗೆ ತುಂಬಾ ಕುತೂಹಲ ಹುಟ್ಟಿಸಿತು. ಗಿಡ ಲೋಹವನ್ನು ಬೇಕು ಅಂತ ಕುಡಿಯುವುದಿಲ್ಲ, ಮೋಸ ಹೋಗುತ್ತದೆ. ಆರ್ಸೆನಿಕ್‌ನ ಒಂದು ರೂಪ ರಂಜಕದ ಹಾಗೆಯೇ ಇರುತ್ತದೆ. ರಂಜಕಕ್ಕೆ ಅಂತ ಬೇರು ತೆರೆದ ಬಾಗಿಲಲ್ಲೇ ಅದೂ ನುಗ್ಗುತ್ತದೆ. ಕ್ಯಾಡ್ಮಿಯಂ ಹಾಗೆಯೇ ಸತು, ಕಬ್ಬಿಣ, ಕ್ಯಾಲ್ಸಿಯಂನ ಬಾಗಿಲಲ್ಲಿ ಬರುತ್ತದೆ. ಗಣಿ ದಿಬ್ಬದಲ್ಲಿ ಗೊಬ್ಬರದ ಅಂಶವೇ ಇರುವುದಿಲ್ಲವಲ್ಲ, ಹಸಿದ ಗಿಡ ಇನ್ನೂ ಹೆಚ್ಚು ಬಾಗಿಲು ತೆರೆಯುತ್ತದೆ. ಬಡ ಮಣ್ಣಿನಲ್ಲಿ ಬೆಳೆದ ಗಿಡ ಶುದ್ಧ ಅನ್ನುವ ನಂಬಿಕೆ ಇಲ್ಲಿ ತಲೆಕೆಳಗು.

ಒಳಗೆ ಬಂದ ಮೇಲೆ ಒಂದೊಂದು ಲೋಹ ಒಂದೊಂದು ಕಡೆ ಕೂರುತ್ತದೆ. ಸೀಸ, ಕ್ರೋಮಿಯಂ ಹೆಚ್ಚಾಗಿ ಬೇರಿನಲ್ಲೇ ಉಳಿಯುತ್ತವೆ. ಕ್ಯಾಡ್ಮಿಯಂ ಸುಲಭವಾಗಿ ಎಲೆಗೆ ಏರುತ್ತದೆ. ಹಾಗಾಗಿ ಬೇರು ಬಳಸುವ ಕೊಮ್ಮೆ ಗಿಡ, ಗಡ್ಡೆ ಬಳಸುವ ಕೊನ್ನಾರಿ ಇವುಗಳಲ್ಲಿ ಸೀಸದ ಪ್ರಶ್ನೆ ದೊಡ್ಡದು. ಎಲೆ ಬಳಸುವ ಒಂದೆಲಗ, ತುಂಬೆ, ಆಡುಸೋಗೆಯಲ್ಲಿ ಕ್ಯಾಡ್ಮಿಯಂ ನೋಡಬೇಕು. ನೆಲನೆಲ್ಲಿಯನ್ನು ಬೇರು ಸಮೇತ ಇಡೀ ಗಿಡವಾಗಿ ಬಳಸುತ್ತೇವೆ, ಅದಕ್ಕೆ ಎರಡೂ ಅಂಟುತ್ತವೆ.

ಎಲೆಯಲ್ಲಿ ಸೀಸ ಕಂಡರೆ? ಅರ್ಧಕ್ಕರ್ಧ ಸಲ ಅದು ಬೇರಿನಿಂದ ಬಂದದ್ದಲ್ಲ, ಮೇಲಿಂದ ಬಿದ್ದ ಧೂಳು ಅಂತ ನಾನು ಮೊದಲು ಅನುಮಾನಿಸುತ್ತೇನೆ. ತುಂಬೆಯ ಎಲೆ ಕಾಂಡದ ಮೇಲೆ ಸಣ್ಣ ರೋಮ ಇರುತ್ತದೆ. ಧೂಳು ಅದರಲ್ಲಿ ಸಿಕ್ಕಿಕೊಂಡರೆ ಒಂದು ಮಳೆಗೆ ಹೋಗುವುದಿಲ್ಲ.

ನೀರು ನಿಂತ ಗುಂಡಿಯ ಅಂಚು ಇನ್ನೊಂದು ಲೋಕ. ಒಂದೆಲಗ, ಗರಗ ಅಲ್ಲೇ ಹಸಿರಾಗಿ ಹಬ್ಬುತ್ತವೆ, ಕೈಯೂ ಅಲ್ಲಿಗೇ ಹೋಗುತ್ತದೆ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಮುಗಿದಾಗ ಕಬ್ಬಿಣದ ತುಕ್ಕು ಕರಗುತ್ತದೆ. ಅದಕ್ಕೆ ಅಂಟಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಕ್ಯಾಡ್ಮಿಯಂ ಇದರ ಉಲ್ಟಾ: ನೀರು ನಿಂತಾಗ ಕಟ್ಟಿಕೊಳ್ಳುತ್ತದೆ, ಗುಂಡಿ ಒಣಗಿದಾಗ ಬಿಟ್ಟುಕೊಡುತ್ತದೆ. ಒಂದೇ ಗುಂಡಿಯ ಒಂದೇ ಒಂದೆಲಗ ಅಕ್ಟೋಬರ್‌ನಲ್ಲಿ ಒಂದು ಫಲಿತಾಂಶ, ಮಾರ್ಚ್‌ನಲ್ಲಿ ಇನ್ನೊಂದು ಕೊಟ್ಟರೆ ಲ್ಯಾಬ್ ಜೊತೆ ಜಗಳಕ್ಕೆ ಹೋಗಬೇಡಿ.

ಹೆಜ್ಜೆ 3: ಗಿಡ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ನೆಲನೆಲ್ಲಿ ಅಂತ ಕರೆಯುವ ಗಿಡ ಒಂದಲ್ಲ. ಫಿಲಾಂಥಸ್ ಕುಲದ ನಾಲ್ಕಾರು ಜಾತಿ ಒಂದೇ ಚೀಲದಲ್ಲಿ ಬರುತ್ತವೆ. ಕೊಮ್ಮೆಯಲ್ಲೂ ಹೀಗೇ. ಕೆಂಪು ಕೊಮ್ಮೆ, ಬಿಳಿ ಕೊಮ್ಮೆ ಅಂತ ಅಕ್ಕ ತಂಗಿಯರ ಹಾಗೆ ಕರೆಯುತ್ತೇವೆ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬಿಳಿ ಕೊಮ್ಮೆ ಬೇರೆಯೇ ಗಿಡ. ಎರಡು ಜಾತಿ ಬೆರೆಸಿ ಪರೀಕ್ಷೆ ಮಾಡಿಸಿದರೆ ಬಂದ ಸಂಖ್ಯೆ ಯಾರದ್ದು ಅಂತ ಹೇಳುವುದು?

ಹೂವು ಅಥವಾ ಕಾಯಿ ಇರುವ ಒಂದು ಗಿಡವನ್ನು ಬೇರು ಸಮೇತ ಕಿತ್ತು, ಕಾಗದದ ಮಧ್ಯೆ ಒತ್ತಿ ಒಣಗಿಸಿ. ಯಲಹಂಕದ ಬಳಿ ಟಿಡಿಯು ವಿಶ್ವವಿದ್ಯಾಲಯದಲ್ಲಿ ಔಷಧಿ ಗಿಡಗಳಿಗೆಂದೇ ದೊಡ್ಡ ಸಸ್ಯಾಗಾರ ಇದೆ. 1993ರಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಕಟ್ಟಿದ್ದು. ಅಲ್ಲಿ ಆಗದಿದ್ದರೆ ನಿಮ್ಮ ಕಾಲೇಜಿನ ಬಾಟನಿ ವಿಭಾಗದವರು, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದವರು ಗುರುತಿಸಬಲ್ಲರು. ಫೋನಿನ ಆ್ಯಪ್ ಮೊದಲ ಊಹೆಗೆ ಸಾಕು, ವರದಿಗೆ ಸಾಲದು.

ಹೆಜ್ಜೆ 4: ಹೋಲಿಸಲು ಒಂದು ಜಾಗ ಹುಡುಕಿ

ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇಲ್ಲಿ. ಗಣಿಯ ಗಿಡ ಒಂದು ಕಡೆ, ಕಾಲೇಜು ಕ್ಯಾಂಪಸ್ಸಿನ ಗಿಡ ಇನ್ನೊಂದು ಕಡೆ ಇಟ್ಟು, ನೋಡಿ ಗಣಿಯಲ್ಲಿ ಜಾಸ್ತಿ ಅನ್ನುತ್ತಾರೆ.

ಕೋಲಾರದ ಚಿನ್ನದ ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದ, ಕೆಲವೇ ಕಿ.ಮೀ. ಅಗಲ. ಅಲ್ಲಿನ ಕಲ್ಲೇ ಬೇರೆ, ಶಿಸ್ಟ್ ಅನ್ನುವ ಕಪ್ಪು ಹಸಿರು ಪದರಗಲ್ಲು. ಸುತ್ತ ಇರುವುದು ನೈಸ್. ಗಣಿ ಇಲ್ಲದಿದ್ದರೂ ಆ ಪಟ್ಟಿಯ ಮಣ್ಣಿನಲ್ಲಿ ಕೆಲವು ಲೋಹ ಹುಟ್ಟಿನಿಂದಲೇ ಹೆಚ್ಚಿರುತ್ತವೆ. ಅದರ ಪಕ್ಕಕ್ಕೆ ಬೆಂಗಳೂರಿನ ನೈಸ್ ಮಣ್ಣು ಇಟ್ಟರೆ ವ್ಯತ್ಯಾಸ ಗಣಿಯದ್ದೋ ಕಲ್ಲಿನದ್ದೋ ಹೇಳಲಾಗದು. ಅದೇ ಪಟ್ಟಿಯ ಮೇಲೆ, ಅಗೆಯದ, ದಿಬ್ಬದ ಗಾಳಿ ಹೊಡೆಯದ ಜಾಗ ಹುಡುಕಿ. ಭೂವಿಜ್ಞಾನದ ನಕ್ಷೆ ಮುಂದಿಟ್ಟುಕೊಂಡರೆ ಅರ್ಧ ದಿನದ ಕೆಲಸ.

ನನ್ನ ಅಭಿಪ್ರಾಯದಲ್ಲಿ ಮೂರು ಜಾಗ ಬೇಕು: ದಿಬ್ಬದ ಮೇಲೆ ಅಥವಾ ಗುಂಡಿಯ ಒಳಗೆ, ಗಾಳಿ ಬೀಸುವ ದಿಕ್ಕಿನಲ್ಲಿ ಸ್ವಲ್ಪ ದೂರ, ಮತ್ತು ಅದೇ ಕಲ್ಲಿನ ಮೇಲಿನ ಮುಟ್ಟದ ನೆಲ. ಮೂರೂ ಕಡೆ ಹೆದ್ದಾರಿಯಿಂದ ದೂರ ಇರಲಿ. ಪೆಟ್ರೋಲಿಗೆ ಸೀಸ ಹಾಕುತ್ತಿದ್ದುದು ದೇಶದಲ್ಲಿ 2000ರಲ್ಲೇ ನಿಂತಿತು, ಆದರೆ ರಸ್ತೆ ಬದಿ ಮಣ್ಣಿನಲ್ಲಿ ಬಿದ್ದ ಸೀಸ ಎಲ್ಲಿಗೆ ಹೋಗುತ್ತದೆ?

ಅನುಮತಿ ಮರೆಯಬೇಡಿ. ಮುಚ್ಚಿದ ಗಣಿಗೂ ಮಾಲೀಕರಿದ್ದಾರೆ, ಅರಣ್ಯವಾದರೆ ಇಲಾಖೆಯ ಪತ್ರ ಬೇಕು. ಹಳೆ ಕ್ವಾರಿಯ ಅಂಚು ಯಾವಾಗ ಕುಸಿಯುತ್ತೆ ಅಂತ ಹೇಳಲಾಗದು. ಒಬ್ಬರೇ ಹೋಗಬೇಡಿ, ನೀರಿಗೆ ಇಳಿಯಲೇಬೇಡಿ.

ಹೆಜ್ಜೆ 5: ಮಾದರಿ ತೆಗೆಯುವುದು

ವರ್ಷಕ್ಕೆ ಎರಡು ಸಲ ತೆಗೆಯುವುದು ಒಳ್ಳೆಯದು. ಬೆಂಗಳೂರು, ಕೋಲಾರ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್. ಆ ಮಳೆ ನಿಂತ ಮೇಲೆ ಒಮ್ಮೆ, ಧೂಳೇಳುವ ಫೆಬ್ರವರಿ, ಮಾರ್ಚ್‌ನಲ್ಲಿ ಒಮ್ಮೆ. ನೆಲನೆಲ್ಲಿಯಂಥ ಮಳೆಗಾಲದ ಗಿಡ ಬೇಸಿಗೆಯಲ್ಲಿ ಸಿಗದಿದ್ದರೆ ಬಿಡಿ, ತಂಗಡಿ, ಬಂದರಿಕೆ ವರ್ಷವಿಡೀ ಇರುತ್ತವೆ.

ಪ್ರತಿ ಜಾಗದಲ್ಲೂ ಕನಿಷ್ಠ ಐದು ಕಡೆಯಿಂದ ಗಿಡ ಕೀಳಿ. ಐದನ್ನೂ ಬೇರೆ ಬೇರೆ ಚೀಲದಲ್ಲಿ ಇಡಿ. ದುಡ್ಡಿಲ್ಲದಿದ್ದರೆ ಆಮೇಲೆ ಬೆರೆಸಬಹುದು, ಬೆರೆಸಿದ್ದನ್ನು ಬಿಡಿಸಲಾಗದು. ಗಿಡ ಕಿತ್ತ ಅದೇ ಗುಣಿಯಿಂದ, ಬೇರಿನ ಸುತ್ತಲಿನ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆಯಿರಿ. ಗಿಡ ಇಲ್ಲೊಂದು, ಮಣ್ಣು ಹತ್ತು ಮೀಟರ್ ಆಚೆ ಆದರೆ ಲೆಕ್ಕ ತಪ್ಪುತ್ತದೆ. ಗಣಿ ನೆಲ ಹೆಜ್ಜೆ ಹೆಜ್ಜೆಗೂ ಬೇರೆ.

ಮರದ ಅಥವಾ ಪ್ಲಾಸ್ಟಿಕ್ ಕರಣೆ ಬಳಸಿ. ತುಕ್ಕು ಹಿಡಿಯದಂತೆ ಬಿಳಿ ಲೇಪ ಹಾಕಿದ (ಗ್ಯಾಲ್ವನೈಸ್ಡ್) ಸಲಕರಣೆಯಲ್ಲಿ ಸತು ಇರುತ್ತದೆ, ಹಿತ್ತಾಳೆ ಜರಡಿಯಲ್ಲಿ ತಾಮ್ರ ಮತ್ತು ಸತು. ಉಂಗುರ ತೆಗೆದಿಡಿ. ಹಸಿ ಗಿಡ 250ರಿಂದ 300 ಗ್ರಾಂ ಇದ್ದರೆ ಒಣಗಿದ ಮೇಲೆ 50 ಗ್ರಾಂ ಆಸುಪಾಸು ಸಿಗುತ್ತದೆ, ಅಷ್ಟು ಸಾಕು. ಬಿಳಿ ಕಾಗದದ ಚೀಲ ಉತ್ತಮ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಹಸಿ ಗಿಡದ ನೀರಿಗೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ. ಜಾಗದ ಜಿಪಿಎಸ್, ದಿನಾಂಕ, ಹಿಂದಿನ ದಿನ ಮಳೆ ಬಂದಿತ್ತಾ ಅನ್ನುವುದು ಮೂರೂ ಇರಲಿ.

ಹೆಜ್ಜೆ 6: ತೊಳೆದದ್ದು, ತೊಳೆಯದ್ದು

ಇಡೀ ಕೆಲಸದಲ್ಲಿ ಒಂದೇ ಒಂದು ಹೆಜ್ಜೆ ನೆಟ್ಟಗೆ ಮಾಡಿ ಅಂದರೆ ಇದನ್ನು ಮಾಡಿ ಅನ್ನುತ್ತೇನೆ. ಪ್ರತಿ ಮಾದರಿಯನ್ನು ಎರಡು ಪಾಲು ಮಾಡಿ. ಒಂದನ್ನು ಹಾಗೇ ಬಿಡಿ, ಇನ್ನೊಂದನ್ನು ತೊಳೆಯಿರಿ.

ತೊಳೆಯುವುದು ಅಂದರೆ ಬೇಗ ಬೇಗ. ನಲ್ಲಿ ನೀರಿನಲ್ಲಿ ಎರಡು ಸಲ ಜಾಲಿಸಿ, ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ. ನೆನೆಹಾಕಬೇಡಿ, ಒಳಗಿನದ್ದೂ ಹೊರಬರಬಹುದು. ಬೇರು ತೊಳೆಯುವಾಗ ಮೆತ್ತಗಿನ ಬ್ರಷ್ ಬೇಕಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ತೊಳೆದು ಮುಗಿಸಿದರೆ ಅದರ ಕಬ್ಬಿಣ ನಿಮ್ಮ ವರದಿಗೆ ಸೇರುತ್ತದೆ.

ಎರಡೂ ಪಾಲಿಗೆ ಕಬ್ಬಿಣ, ಅಲ್ಯೂಮಿನಿಯಂ, ಸಾಧ್ಯವಾದರೆ ಟೈಟಾನಿಯಂ ಕೂಡ ನೋಡಿ ಅಂತ ಲ್ಯಾಬ್‌ಗೆ ಹೇಳಿ. ಟೈಟಾನಿಯಂ ಮಣ್ಣಿನಲ್ಲಿ ಧಾರಾಳವಾಗಿದೆ, ಗಿಡ ಅದನ್ನು ಹೀರುವುದು ತೀರಾ ಕಡಿಮೆ. ಎಲೆಯ ಪುಡಿಯಲ್ಲಿ ಟೈಟಾನಿಯಂ ಜಾಸ್ತಿ ಬಂದರೆ ಅದು ಎಲೆ ಅಲ್ಲ, ಎಲೆಗೆ ಅಂಟಿದ ಮಣ್ಣು. ನಮ್ಮ ಚೀಲದ ನೆಲನೆಲ್ಲಿಯಲ್ಲಿ ತೊಳೆಯದ ಪಾಲಿಗೂ ತೊಳೆದ ಪಾಲಿಗೂ ಕಬ್ಬಿಣದಲ್ಲಿ ಅಜಗಜ ವ್ಯತ್ಯಾಸ ಬಂತು. ನಾವು ಕುಡಿಯಲು ಹೊರಟಿದ್ದರಲ್ಲಿ ದಿಬ್ಬದ ಧೂಳೇ ಒಂದು ಪಾಲು ಇತ್ತು.

ಒಣಗಿಸುವುದು ನೆರಳಿನಲ್ಲಿ ಅಥವಾ 60 ಡಿಗ್ರಿ ಮೀರದ ಓವನ್‌ನಲ್ಲಿ. ಪಾದರಸ ನೋಡುವುದಿದ್ದರೆ ಶಾಖ ಇನ್ನೂ ಕಡಿಮೆ ಇರಲಿ, ಅದು ಹಾರಿಹೋಗುವ ಜಾತಿ. ಹೊಸೂರು ರಸ್ತೆ ಪಕ್ಕದ ಮನೆಯ ತಾರಸಿಯಲ್ಲಿ ಒಣಹಾಕಿದರೆ ಗಣಿಯ ಜೊತೆ ಬೆಂಗಳೂರೂ ಮಾದರಿಗೆ ಸೇರಿಕೊಳ್ಳುತ್ತದೆ.

ಇನ್ನು ನನ್ನ ತಪ್ಪು. ಮೊದಲ ಸಲ ಪುಡಿ ಮಾಡಿದ್ದು ಅಡುಗೆಮನೆ ಮಿಕ್ಸಿಯಲ್ಲಿ. ವರದಿಯಲ್ಲಿ ಕ್ರೋಮಿಯಂ, ನಿಕ್ಕಲ್ ಎರಡೂ ಮೇಲೆ. ಕೆಜಿಎಫ್‌ನಲ್ಲಿ ಕ್ರೋಮಿಯಂ ಎಲ್ಲಿಂದ ಬಂತು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ಕಬ್ಬಿಣಕ್ಕೆ ಬೆರೆಸುವುದೇ ಕ್ರೋಮಿಯಂ, ಬಹುತೇಕ ನಿಕ್ಕಲ್ ಕೂಡ. ಸವೆದ ಬ್ಲೇಡು, ಗಟ್ಟಿ ಕಾಂಡ. ಎರಡನೇ ಸಲ ಅಗೇಟ್ ಕಲ್ಲಿನ ಖಲ್ಲಿನಲ್ಲಿ ಅರೆದೆ, ಎರಡೂ ಸಂಖ್ಯೆ ಇಳಿದವು. ಅಗೇಟ್ ಸಿಗದಿದ್ದರೆ ಪಿಂಗಾಣಿ ಖಲ್ಲು ಆಗಬಹುದು. ಮನೆಯಲ್ಲಿ ಮಿಕ್ಸಿ ಬಿಟ್ಟು ಬೇರೇನಿಲ್ಲ ಅಂದರೆ ಪುಡಿಯನ್ನೇ ಮಾಡದೆ ಕೊಡಿ, ಲ್ಯಾಬ್‌ನವರು ಮಾಡುತ್ತಾರೆ.

ಹೆಜ್ಜೆ 7: ಲ್ಯಾಬ್‌ನಲ್ಲಿ ಏನು ಕೇಳಬೇಕು

ಬೆಂಗಳೂರಿನಲ್ಲಿ ಆಹಾರ, ಔಷಧಿ ಪರೀಕ್ಷಿಸುವ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಖಾಸಗಿ ಲ್ಯಾಬ್‌ಗಳು ಬೇಕಾದಷ್ಟಿವೆ. ಮಾನ್ಯತೆ ಲ್ಯಾಬ್‌ಗೆ ಮಾತ್ರ ಅಲ್ಲ, ಒಂದೊಂದು ಪರೀಕ್ಷೆಗೂ ಇರುತ್ತದೆ. ಗಿಡಮೂಲಿಕೆಯಲ್ಲಿ ಲೋಹ ಅನ್ನುವುದು ಅವರ ಪಟ್ಟಿಯಲ್ಲಿದೆಯೇ ನೋಡಿ.

ತೀರಾ ಕಡಿಮೆ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರ ಇದ್ದರೆ ಒಳ್ಳೆಯದು. ಕೇಳಲೇಬೇಕಾದ ಪ್ರಶ್ನೆ: "ನೀವು ಅಳೆಯಬಲ್ಲ ಅತಿ ಕಡಿಮೆ ಕ್ಯಾಡ್ಮಿಯಂ ಎಷ್ಟು?" ಗಿಡಮೂಲಿಕೆಗೆ ನಿಯಮದ ಮಿತಿಯೇ 0.3 ಪಿಪಿಎಂ (ಕೆ.ಜಿ.ಗೆ 0.3 ಮಿಲಿಗ್ರಾಂ) ಇರುವಾಗ ಅವರ ಯಂತ್ರ 1 ಪಿಪಿಎಂ ಮೇಲಿನದ್ದನ್ನು ಮಾತ್ರ ಕಂಡರೆ ವರದಿಯಲ್ಲಿ ಬಿಡಿಎಲ್ ಅಂತ ಬರುತ್ತದೆ. ಬಿಡಿಎಲ್ ಅಂದರೆ ಇಲ್ಲ ಅಂತಲ್ಲ, ನಮ್ಮ ಕಣ್ಣಿಗೆ ಬೀಳಲಿಲ್ಲ ಅಂತ. ಎಕ್ಸ್-ರೇ ಹಾಯಿಸಿ ಲೋಹ ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ ಮಣ್ಣಿನ ಸೀಸ, ಆರ್ಸೆನಿಕ್‌ಗೆ ಬಹಳ ಚೆಂದ. ಗಿಡದ ಕ್ಯಾಡ್ಮಿಯಂಗೆ ಅದರ ಕಣ್ಣು ಸಾಲದು.

ಖಾಲಿ ಮಾದರಿ, ಅಂದರೆ ಬರೀ ಆಮ್ಲ ಹಾಕಿ ಓಡಿಸಿದ್ದರ ಫಲಿತಾಂಶವನ್ನೂ ಕೇಳಿ. ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣಿತ ಎಲೆ ಪುಡಿಯನ್ನು ಜೊತೆಗೆ ಓಡಿಸಿದ್ದಾರಾ ಅಂತ ಕೇಳಿ. ಅಮೆರಿಕದ ಮಾಪನ ಸಂಸ್ಥೆ ಎನ್‌ಐಎಸ್‌ಟಿಯವರ ಸೇಬಿನ ಎಲೆ ಪುಡಿ ಇದಕ್ಕೆ ಹೆಸರುವಾಸಿ. ಇನ್ನೊಂದು ಸಣ್ಣ ಕಿತಾಪತಿ: ನಿಮ್ಮ ಒಂದೇ ಮಾದರಿಯನ್ನು ಎರಡು ಹೆಸರಿನಲ್ಲಿ ಕೊಡಿ. ಎರಡೂ ಹತ್ತಿರ ಹತ್ತಿರ ಬಂದರೆ ನೆಮ್ಮದಿ.

ಮಣ್ಣಿಗೆ ಒಟ್ಟು ಲೋಹದ ಜೊತೆ ಪಿಎಚ್, ಸಾವಯವ ಇಂಗಾಲ, ಡಿಟಿಪಿಎ ಪರೀಕ್ಷೆ ಮಾಡಿಸಿ. ರೈತರ ಮಣ್ಣಿನಲ್ಲಿ ಸತು, ಕಬ್ಬಿಣ ನೋಡಲು ಬಳಸುವ ಅದೇ ಡಿಟಿಪಿಎ, ಗಿಡಕ್ಕೆ ಸಿಗುವಷ್ಟು ಲೋಹದ ಅಂದಾಜು ಕೊಡುತ್ತದೆ. ಆರ್ಸೆನಿಕ್, ಕ್ರೋಮಿಯಂಗೆ ಅದನ್ನು ನಂಬಬೇಡಿ.

ಆಮ್ಲದಲ್ಲಿ ಕರಗಿಸುವ ಕೆಲಸವನ್ನು ಮನೆಯಲ್ಲಾಗಲಿ, ಶಾಲೆಯ ಲ್ಯಾಬ್‌ನಲ್ಲಾಗಲಿ ಮಾಡಬೇಡಿ. ನೈಟ್ರಿಕ್ ಆಮ್ಲದ ಹೊಗೆಯ ಜೊತೆ ಆಟ ಬೇಡ.

ಹೆಜ್ಜೆ 8: ಸಂಖ್ಯೆ ಓದುವುದು

ಮೊದಲು ನೋಡಬೇಕಾದದ್ದು ಒಣ ತೂಕವೋ ಹಸಿ ತೂಕವೋ ಅನ್ನುವುದು. ಎಲೆಯಲ್ಲಿ ಮುಕ್ಕಾಲಿಗೂ ಹೆಚ್ಚು ನೀರೇ. ಒಣಗಿಸಿದರೆ ಅದೇ ಲೋಹ ನಾಲ್ಕೈದು ಪಟ್ಟು ಹೆಚ್ಚಾಗಿ ಕಾಣುತ್ತದೆ. ಇಬ್ಬರ ವರದಿ ಹೋಲಿಸುವಾಗ ಇದನ್ನು ಮರೆತು ಗಾಬರಿಯಾದವರಿದ್ದಾರೆ.

ಭಾರತದ ಆಯುಷ್ ನಿಯಮದಲ್ಲಿ ಗಿಡಮೂಲಿಕೆಗೆ ಇರುವ ಮಿತಿ ಹೀಗಿದೆ: ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ. ಒಂದು ಪಿಪಿಎಂ ಅಂದರೆ ಒಂದು ಕೆ.ಜಿ. ಗಿಡದಲ್ಲಿ ಒಂದು ಮಿಲಿಗ್ರಾಂ. ಪಟ್ಟಿಯಲ್ಲಿ ನಾಲ್ಕೇ ಲೋಹ. ಬೈರಾಪುರದ ಗಿಡದಲ್ಲಿ ನಿಕ್ಕಲ್ ಎಷ್ಟೇ ಇರಲಿ, ಈ ಪಟ್ಟಿಯ ಪ್ರಕಾರ ಅದು ಪಾಸು. ಪಾಸಾಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ.

ಆಮೇಲೆ ಎರಡು ಸಣ್ಣ ಭಾಗಾಕಾರ. ಉದಾಹರಣೆಗೆ ಸುಮ್ನೆ ಹೀಗೆ ಇಟ್ಟುಕೊಳ್ಳಿ: ಮಣ್ಣಿನಲ್ಲಿ ಸೀಸ 40, ಬೇರಿನಲ್ಲಿ 8, ಎಲೆಯಲ್ಲಿ 2. ಬೇರನ್ನು ಮಣ್ಣಿನಿಂದ ಭಾಗಿಸಿದರೆ 0.2. ಗಿಡ ಮಣ್ಣಿನಿಂದ ಎಷ್ಟು ಎಳೆಯಿತು ಅನ್ನುವುದು ಇದು. ಎಲೆಯನ್ನು ಬೇರಿನಿಂದ ಭಾಗಿಸಿದರೆ 0.25. ಬೇರಿನಿಂದ ಮೇಲಕ್ಕೆ ಎಷ್ಟು ಕಳಿಸಿತು ಅನ್ನುವುದು ಇದು. ಎರಡನೆಯದು ಒಂದಕ್ಕಿಂತ ಜಾಸ್ತಿ ಬಂದರೆ ಗಿಡ ಲೋಹವನ್ನು ಎಲೆಗೆ ತುಂಬುತ್ತಿದೆ ಅಂತ ಬರೆಯುವ ಆಸೆಯಾಗುತ್ತದೆ. ತಾಳಿ. ತೊಳೆದ ಎಲೆಯ ಸಂಖ್ಯೆ ಹಾಕಿದ್ದೀರಾ? ಟೈಟಾನಿಯಂ ನೋಡಿದ್ದೀರಾ? ಎಲೆಗೆ ಅಂಟಿದ ಧೂಳು ಈ ಭಾಗಾಕಾರವನ್ನು ಸುಲಭವಾಗಿ ಏಮಾರಿಸುತ್ತದೆ. ಬಡಪಾಯಿ ತುಂಬೆ ಗಿಡ ಒಂದೇ ರಾತ್ರಿಯಲ್ಲಿ ಲೋಹ ಹೀರುವ ಅದ್ಭುತ ಸಸ್ಯವಾಗಿಬಿಡುತ್ತದೆ.

ಐದು ಗಿಡದ ಸಂಖ್ಯೆಯಲ್ಲಿ ನಾಲ್ಕು ಕಡಿಮೆ, ಒಂದು ವಿಪರೀತ ಇದ್ದರೆ ಸರಾಸರಿ ಮಾತ್ರ ಕೊಡಬೇಡಿ. ಐದನ್ನೂ ಬರೆಯಿರಿ, ನಡುವಿನದು ಯಾವುದು ಅಂತ ತೋರಿಸಿ.

ಹೆಜ್ಜೆ 9: ಹೊಟ್ಟೆಗೆ ಹೋಗುವುದೆಷ್ಟು

ಮಿತಿಯಷ್ಟೇ, ಅಂದರೆ 10 ಪಿಪಿಎಂ ಸೀಸ ಇರುವ ಪುಡಿಯನ್ನು ದಿನಕ್ಕೆ 5 ಗ್ರಾಂ ತಿಂದರೆ 50 ಮೈಕ್ರೋಗ್ರಾಂ ಸೀಸ ಒಳಗೆ ಹೋಗುತ್ತದೆ. ಇಷ್ಟರವರೆಗೆ ಸೀಸ ತಿಂದರೆ ತೊಂದರೆಯಿಲ್ಲ ಅನ್ನುವ ಹಳೆಯ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆ (ಎಫ್‌ಎಒ) ತಜ್ಞರ ಜಂಟಿ ಸಮಿತಿ 2010ರಲ್ಲೇ ಹಿಂದಕ್ಕೆ ಪಡೆಯಿತು. ಸುರಕ್ಷಿತ ಅಂತ ಹೇಳಬಹುದಾದ ಪ್ರಮಾಣ ಅವರಿಗೆ ಸಿಗಲಿಲ್ಲ. ಮಕ್ಕಳಿಗೆ, ಬಸುರಿಯರಿಗೆ ಕೊಡುವಾಗ ಇದು ತಲೆಯಲ್ಲಿರಲಿ.

ಕಷಾಯಕ್ಕೂ ಪುಡಿಗೂ ವ್ಯತ್ಯಾಸವಿದೆ. ಕಷಾಯ ಸೋಸಿದಾಗ ಲೋಹದ ಒಂದು ಪಾಲು ಚರಟದಲ್ಲೇ ಉಳಿಯುತ್ತದೆ. ಪುಡಿ ತಿಂದರೆ ಪೂರ್ತಿ ಒಳಗೆ. ಹುಣಸೆ, ನಿಂಬೆ ಹಾಕಿ ಕುದಿಸಿದರೆ ಲೋಹ ಇನ್ನಷ್ಟು ಕರಗಬಹುದು. ನಿಮ್ಮ ಮನೆಯ ಕಷಾಯವನ್ನೇ ಮಾಡಿ, ಸೋಸಿ, ಆ ನೀರನ್ನೂ ಲ್ಯಾಬ್‌ಗೆ ಕೊಟ್ಟರೆ ಊಹೆ ಬೇಕಿಲ್ಲ.

ಪರೀಕ್ಷೆ ಗಿರೀಕ್ಷೆ ಏನೂ ಬೇಡ ಅನ್ನುವವರಿಗೆ

ಗಣಿ, ಕ್ವಾರಿ, ಕಸದ ಗುಂಡಿ, ರಾಜಕಾಲುವೆ, ಹೆದ್ದಾರಿ ಇವುಗಳ ಪಕ್ಕ ಕೀಳಬೇಡಿ. ಅಷ್ಟೇ. ಆಯುರ್ವೇದದಲ್ಲಿ ಭೂಮಿ ಪರೀಕ್ಷೆ ಅಂತಲೇ ಒಂದು ಪಾಠವಿದೆ. ಹಳ್ಳ ಬಿದ್ದ ನೆಲ, ಜಲ್ಲಿ ಕಲ್ಲಿನ ನೆಲ, ಹುತ್ತ, ಸ್ಮಶಾನ ಇರುವ ಕಡೆ ಔಷಧಿ ಕೀಳಬಾರದು ಅಂತ ಹಳಬರು ಬರೆದಿಟ್ಟಿದ್ದಾರೆ. ಅವರ ಕಾಲದಲ್ಲಿ ಐಸಿಪಿ-ಎಂಎಸ್ ಇರಲಿಲ್ಲ, ಕಣ್ಣಿತ್ತು.

ಕೆ.ಆರ್. ಮಾರ್ಕೆಟ್ ಸುತ್ತಲಿನ ಗ್ರಂದಿಗೆ ಅಂಗಡಿಯಲ್ಲಿ ಕೊಳ್ಳುವುದಾದರೆ ಪುಡಿಗಿಂತ ಇಡೀ ಬೇರು, ಇಡೀ ಗಿಡ ಕೊಳ್ಳಿ. ಅದನ್ನು ತೊಳೆಯಬಹುದು, ಪುಡಿಯನ್ನು ತೊಳೆಯಲಾಗದು. ಯಾವ ಕಡೆಯಿಂದ ಬಂದ ಮಾಲು ಅಂತ ಕೇಳಿ. ಮೊದಲ ಸಲ ಅಂಗಡಿಯವರು ನಕ್ಕುಬಿಡುತ್ತಾರೆ, ಪರವಾಗಿಲ್ಲ. ನೆಲನೆಲ್ಲಿ, ಒಂದೆಲಗ, ತುಂಬೆ ಮೂರೂ ಕುಂಡದಲ್ಲಿ ಬೆಳೆಯುತ್ತವೆ. ಕುಂಡಕ್ಕೆ ತುಂಬುವ ಕೆಂಪು ಮಣ್ಣು ಎಲ್ಲಿಯದು ಅನ್ನುವುದನ್ನೂ ಕೇಳಿ.

ಪರೀಕ್ಷೆ ಮುಗಿದ ಮೇಲೆ ಉಳಿದ ಮಣ್ಣು, ಗಿಡ ಏನು ಮಾಡುವುದು? ಹಿತ್ತಲ ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಗೊಬ್ಬರವಾಗಿ, ಕೊತ್ತಂಬರಿಗೆ ಹೋಗಿ, ತಟ್ಟೆಗೇ ವಾಪಸ್ ಬರುತ್ತದೆ. ಸುಡುವುದೂ ಬೇಡ, ಪಾದರಸ ಹೊಗೆಯಲ್ಲಿ ಹೋಗುತ್ತದೆ. ಮಣ್ಣನ್ನು ತಂದ ಜಾಗಕ್ಕೇ ಹಿಂದಿರುಗಿಸುವುದು ಸರಳ. ಗಿಡದ ಪುಡಿಯನ್ನು ಲ್ಯಾಬ್‌ನವರೇ ತಮ್ಮ ತ್ಯಾಜ್ಯದ ಜೊತೆ ತೆಗೆದುಕೊಳ್ಳುತ್ತಾರಾ ಕೇಳಿ. ನಮ್ಮ ಚೀಲದಲ್ಲಿ ಇನ್ನೂ ಅರ್ಧ ಉಳಿದಿದೆ. ಮೇಲೆ "ಕಷಾಯಕ್ಕಲ್ಲ" ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಸಂಬಂಧಿಗೆ ವರದಿ ಕಳಿಸಿದಾಗ ಮೊದಲು ಬೇಜಾರು ಮಾಡಿಕೊಂಡರು. ಹೋದ ತಿಂಗಳು ಫೋನ್ ಮಾಡಿ, ದಿಬ್ಬದ ಇನ್ನೊಂದು ಬದಿಯಲ್ಲಿ ಅಕ್ಕಪಕ್ಕದವರು ಒಂದೆಲಗ ಕೀಳುತ್ತಾರಂತೆ, ಅದಕ್ಕೆ ಮಾದರಿ ಹೇಗೆ ತೆಗೆಯುವುದು ಅಂತ ಕೇಳಿದರು. ಕಾಗದದ ಚೀಲ, ಪೆನ್ಸಿಲ್, ಮರದ ಕರಣೆ ತೆಗೆದಿಟ್ಟುಕೊಳ್ಳಿ ಅಂದಿದ್ದೇನೆ.